ಮಗನ ಊರಿನ ಊಟ



ನಮ್ಮ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಇಬ್ಬರು ಎದುರಾದರೆ ಮೊದಲು ಕೇಳುವ ಮಾತು "ಊಟ ಆತೇನ್ರಿ?" ಎಂಬುದು. ನಾಲ್ಕು ಹೆಜ್ಜೆ ಮುಂದೆ ಹೋಗಿ ಮರಾಠಿ ಮಾತಾಡುವವರ ಕಟ್ಟೆಯ ಮೇಲೆ ಕುಳಿತರೆ ಅದೇ ಮಾತು "ಜೇವಣ ಝಾಲಂ ಕಾ?" ಎಂದಾಗುತ್ತದೆ. ಈ ಎರಡರ ಜೊತೆಗೆ ಮೂರನೆಯದೊಂದನ್ನು ನಾನು ಅರವತ್ತು ದಾಟಿದ ಮೇಲೆ ಕಲಿತೆ. "ಗೋಹಾನ್ ತಾಬೆಮಾಶ್ತಾ ಕಾ?" ಇದು ಜಪಾನಿ ಭಾಷೆ. ಗೋಹಾನ್ ಎಂದರೆ ಅನ್ನ; ಗೋಹಾನ್ ಎಂದರೆ ಊಟವೂ ಹೌದು. ತಾಬೆಮಾಶ್ತಾ ಎಂದರೆ ಉಂಡಿರಿ. ಕನ್ನಡದಂತೆಯೇ ಅಲ್ಲಿಯೂ ಕ್ರಿಯಾಪದ ವಾಕ್ಯದ ತುದಿಗೆ ಬರುತ್ತದೆ. ಕೊನೆಯ "ಕಾ" ಮಾತ್ರ ನಮ್ಮ ಮರಾಠಿಯ "ಕಾ" ಇದ್ದಂತೆ, ಪ್ರಶ್ನೆಗೆ ಹಚ್ಚುವ ಬಾಲ. ಇದಕ್ಕೂ ಅದಕ್ಕೂ ಸಂಬಂಧವೇನೂ ಇಲ್ಲ. ಆದರೂ ಗಡಿಯ ಮನುಷ್ಯನಿಗೆ ಇಂಥದ್ದು ಕಿವಿಗೆ ಬಿದ್ದರೆ ಪರದೇಶ ಅರ್ಧ ಪರದೇಶವಾಗುತ್ತದೆ.

2024ರ ಸೆಪ್ಟೆಂಬರ್ ಮೊದಲ ವಾರದಿಂದ ನವೆಂಬರ್ ಕೊನೆಯವರೆಗೆ ನಾನೂ ನಮ್ಮ ಮನೆಯವರೂ ಟೋಕಿಯೊ ನಗರದಲ್ಲಿ ಮಗನ ಮನೆಯಲ್ಲಿ ಇದ್ದೆವು. ಊರಿಗೆ ಮರಳಿದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ. "ಅಲ್ಲಿ ಹಸಿ ಮೀನ ತಿಂತಾರಂತಲ್ಲ, ನೀವು ಹ್ಯಾಂಗ್ ದಿನಾ ತಗದ್ರಿ?" ಈ ಪ್ರಶ್ನೆಗೆ ಇಂದು ಸಾವಕಾಶವಾಗಿ ಉತ್ತರ ಹೇಳುತ್ತೇನೆ. ನಮ್ಮ ಹಳ್ಳಿಗಳ ಹುಡುಗರು ಈಗ ಪುಣೆ, ಬೆಂಗಳೂರು ದಾಟಿ ಹೊರದೇಶಕ್ಕೆ ಹೋಗುತ್ತಿದ್ದಾರೆ. ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡುವುದಕ್ಕೋ ನಿಮ್ಮಲ್ಲಿ ಕೆಲವರು ನಾಳೆ ವಿಮಾನ ಹತ್ತಬಹುದು. ಅವರಿಗೆ ಇದು ಉಪಯೋಗಕ್ಕೆ ಬಂದೀತು.

ಹೊರಡುವಾಗ ನಮ್ಮ ಮನೆಯವರಿಗೆ ಎರಡು ಚಿಂತೆ ಇದ್ದವು. ಹುಟ್ಟಿದಂದಿನಿಂದ ಮೀನು ಮಾಂಸ ಮುಟ್ಟದ ಬಾಯಿ ಈ ವಯಸ್ಸಿನಲ್ಲಿ ಕೆಡಬಾರದು, ಇದು ಒಂದು. ಅಲ್ಲಿಯೇ ಬೆಳೆಯುತ್ತಿರುವ ಮೊಮ್ಮಗನ ಬಾಯಿಗೆ ನಮ್ಮ ರೊಟ್ಟಿಯ ರುಚಿ ಹತ್ತಬೇಕು, ಇದು ಎರಡು. ಆ ಸಲುವಾಗಿ ಎರಡು ದಿನ ಒಲೆಯ ಮುಂದೆ ಕುಳಿತು ಅರವತ್ತು ಖಡಕ್ ರೊಟ್ಟಿ ಮಾಡಿ, ಬಿಳಿ ಅರಿವೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದರು. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಮಾದಲಿ.

ಮಗನ ಮನೆ ಇರುವುದು ನಿಶಿಕಸಾಯ್ ಎಂಬ ಭಾಗದಲ್ಲಿ. 2000ನೇ ಇಸವಿಯ ಹೊತ್ತಿಗೆ ಕಂಪ್ಯೂಟರುಗಳು ಹೊಸ ಶತಮಾನದ ತಾರೀಖನ್ನು ತಪ್ಪಾಗಿ ಓದುತ್ತವೆ ಎಂಬ ಗಾಬರಿ ಹುಟ್ಟಿತ್ತಲ್ಲ, ಆಗ ಅದನ್ನು ಸರಿಪಡಿಸಲು ಭಾರತದ ಎಂಜಿನಿಯರುಗಳು ಬಹಳ ಜನ ಟೋಕಿಯೊಗೆ ಹೋದರು. ಕಚೇರಿಗಳಿಗೆ ನೇರ ರೈಲು ಇದ್ದುದರಿಂದ ನಿಶಿಕಸಾಯಿಯಲ್ಲಿ ಮನೆ ಹಿಡಿದರು. ಈಗ ಅಲ್ಲಿ ತೊಗರಿಬೇಳೆ, ಇಂಗು, ಹುಣಸೆಹಣ್ಣು ಎಲ್ಲ ಸಿಗುತ್ತದೆ. ಮನೆಯೊಳಗೆ ಊಟಕ್ಕೆ ಯಾವ ತೊಂದರೆಯೂ ಇರಲಿಲ್ಲ. ಹೊಸತೆಲ್ಲ ಇದ್ದುದು ಮನೆಯ ಹೊಸ್ತಿಲಿನ ಆಚೆಗೆ ಎಂದು ನಾವು ತಿಳಿದಿದ್ದೆವು. ಆದರೆ ಮೊದಲ ರಾತ್ರಿಯೇ ಹೊಸತು ಒಳಗೂ ಕುಳಿತಿದೆ ಎಂದು ಗೊತ್ತಾಯಿತು.

ಮೊಮ್ಮಗನಿಗೆ ಎಂಟು ವರ್ಷ. ಅಲ್ಲಿಯ ಶಾಲೆಯಲ್ಲಿ ಮೂರನೆಯ ಇಯತ್ತೆ. ಅಜ್ಜಿ ಪ್ರೀತಿಯಿಂದ ಖಡಕ್ ರೊಟ್ಟಿ ಮುರಿದು, ತುಪ್ಪ ಸವರಿ, ಚಟ್ನಿ ಉದುರಿಸಿ ಕೊಟ್ಟರು. ಒಂದು ಚೂರು ಕಡಿದು ತಟ್ಟೆಯ ಬದಿಗೆ ಇಟ್ಟ. "ಆಯಿ, ಕಾತಾಯ್" ಎಂದ. ಕಾತಾಯ್ ಎಂದರೆ ಬಿರುಸು, ಗಟ್ಟಿ. ಆಮೇಲೆ ಅನ್ನದ ಬಟ್ಟಲನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಎರಡು ಕಡ್ಡಿಗಳಿಂದ ಒಂದು ಅಗುಳೂ ಬಿಡದಂತೆ ಉಂಡ. ಸೊಸೆ ಮುಖ ಸಣ್ಣದು ಮಾಡಿಕೊಂಡಳು. ನಮ್ಮ ಮನೆಯವರು ಆ ರಾತ್ರಿ ಏನೂ ಮಾತಾಡಲಿಲ್ಲ.

ಇನ್ನು ಆ ನಾಡಿನ ಊಟದ ಕಟ್ಟು ಹೇಗಿರುತ್ತದೆ ಎಂದು ಹೇಳುತ್ತೇನೆ. ಅವರಲ್ಲಿ "ಇಚಿಜು ಸಾನ್ಸಾಯ್" ಎಂಬ ಮಾತಿದೆ. ಒಂದು ಸಾರು, ಮೂರು ಪಲ್ಯ ಎಂದು ಅರ್ಥ. ಅನ್ನವನ್ನು ಎಣಿಕೆಗೆ ಹಿಡಿಯುವುದಿಲ್ಲ, ಅದು ಇದ್ದೇ ಇರುತ್ತದೆ. ಉಪ್ಪಿನಕಾಯಿಯೂ ಹಾಗೆಯೇ. ಅನ್ನ ಎಡಕ್ಕೆ, ಸಾರು ಬಲಕ್ಕೆ. ಸಾರು ಎಂದರೆ ಮಿಸೊ ಸಾರು. ಸೋಯಾ ಅವರೆಯನ್ನು ಬೇಯಿಸಿ, ಉಪ್ಪು ಮತ್ತು ಬೂಷ್ಟು ಬರಿಸಿದ ಅಕ್ಕಿ ಕೂಡಿಸಿ, ತಿಂಗಳುಗಟ್ಟಲೆ ಹುಳಿ ಬರಿಸಿದ ಮುದ್ದೆಯೇ ಮಿಸೊ. ನಾವು ಹಿಟ್ಟು ಹುಳಿ ಬರಿಸಿ ಅಂಬಲಿ ಕಾಸುವುದು ಒಂದು ರಾತ್ರಿಯ ಕೆಲಸ, ಅವರದು ಆರು ತಿಂಗಳ, ವರ್ಷದ ಕೆಲಸ. ಖಾರ ಬಹಳ ಕಡಿಮೆ. ಎಣ್ಣೆಯೂ ಕಡಿಮೆ. ಮೊದಲ ವಾರ ನಾಲಿಗೆಗೆ ಎಲ್ಲವೂ ಸಪ್ಪೆ ಎನಿಸುತ್ತದೆ. ಎರಡನೆಯ ವಾರದಲ್ಲಿ ಮೂಲಂಗಿಗೂ ಒಂದು ಸಿಹಿ ಇದೆ ಎಂದು ತಿಳಿಯುತ್ತದೆ. 2013ರಲ್ಲಿ ಈ ಊಟದ ಪದ್ಧತಿಯನ್ನು ಯುನೆಸ್ಕೊ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಉಣ್ಣುವ ಮೊದಲು ಕೈಜೋಡಿಸಿ "ಇತಾದಾಕಿಮಾಸ್" ಎನ್ನುತ್ತಾರೆ. ತಲೆಬಾಗಿ ಪಡೆಯುತ್ತೇನೆ ಎಂದು ಅದರ ಅರ್ಥ. ಉಂಡಾದ ಮೇಲೆ "ಗೋಚಿಸೋಸಾಮಾ" ಎಂದು ಅಡುಗೆ ಮಾಡಿದವರಿಗೆ ಕೃತಜ್ಞತೆ ಹೇಳುತ್ತಾರೆ. ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದು, ಸತ್ತವರಿಗೆ ಇಡುವ ಅನ್ನದಲ್ಲಿ ಮಾತ್ರ ಹಾಗೆ ಚುಚ್ಚುತ್ತಾರೆ. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸಬಾರದು, ದಹನದ ನಂತರ ಅಸ್ಥಿ ಎತ್ತುವ ಕ್ರಮ ಅದು. ನಮ್ಮಲ್ಲಿ ಎಡಗೈಯಿಂದ ನೀಡಬೇಡ ಎಂದು ಮಕ್ಕಳಿಗೆ ಹೇಳುವುದಿಲ್ಲವೇ, ಹಾಗೆ ಇದು.

ಈಗ ನನ್ನ ಮರೆಯಲಾಗದ ಮೊದಲ ಊಟಕ್ಕೆ ಬರುತ್ತೇನೆ. ಅದು ನೆನಪಿನಲ್ಲಿ ಉಳಿದದ್ದು ರುಚಿಗೂ ಹೌದು, ಪೇಚಿಗೂ ಹೌದು.

ಎರಡನೆಯ ರವಿವಾರ ಮಗ ನಮ್ಮನ್ನು ಸೋಬಾ ಅಂಗಡಿಗೆ ಕರೆದೊಯ್ದ. ಸೋಬಾ ಎಂದರೆ ಒಂದು ಬಗೆಯ ಕಾಳಿನ ಹಿಟ್ಟಿನಿಂದ ಮಾಡಿದ ಶಾವಿಗೆ. ಉತ್ತರ ಭಾರತದಲ್ಲಿ ಉಪವಾಸಕ್ಕೆ "ಕುಟ್ಟು" ಎಂಬ ಹಿಟ್ಟು ಬಳಸುತ್ತಾರಲ್ಲ, ಅದೇ ಕಾಳು. ಭತ್ತ ಬೆಳೆಯದ ಬಡ ನೆಲದಲ್ಲಿ, ಗುಡ್ಡದ ಥಂಡಿಯಲ್ಲಿ ಎರಡೂವರೆ ತಿಂಗಳಲ್ಲಿ ಕೈಗೆ ಬರುವ ಬೆಳೆ ಅದು. ನಮ್ಮ ಹಿಂಗಾರಿ ಜೋಳ ಇಬ್ಬನಿಯ ಮೇಲೆ ಬೆಳೆಯುವಂತೆ ಅದು ಬಡವರ ನೆಲದ ಕಾಳು. ಬಿದಿರಿನ ತಟ್ಟೆಯ ಮೇಲೆ ತಣ್ಣಗಿನ ಶಾವಿಗೆ, ಪಕ್ಕದಲ್ಲಿ ಸಣ್ಣ ಬಟ್ಟಲಿನಲ್ಲಿ ಕಪ್ಪು ರಸ. ಶಾವಿಗೆಯನ್ನು ಅದರಲ್ಲಿ ಅದ್ದಿ ಸೊರ್ ಎಂದು ಸದ್ದು ಮಾಡಿ ಎಳೆದುಕೊಳ್ಳಬೇಕು. ಸದ್ದು ಮಾಡಿದರೆ ತಪ್ಪಿಲ್ಲ.

ಊಟ ಮುಗಿಯುವಾಗ ಅಂಗಡಿಯಾಕೆ ಒಂದು ಹೂಜಿಯಲ್ಲಿ ಬಿಸಿ ನೀರು ತಂದಿಟ್ಟಳು. ಶಾವಿಗೆ ಬೇಯಿಸಿದ ನೀರು! ಉಳಿದ ರಸಕ್ಕೆ ಅದನ್ನು ಬೆರೆಸಿ ಕುಡಿಯುವುದು ಅಲ್ಲಿಯ ಪದ್ಧತಿ. ನಮ್ಮ ಮನೆಯವರಿಗೆ ಬಹಳ ಸಂತೋಷವಾಯಿತು. "ಇದು ನಮ್ಮ ಕಟ್ಟಿನ ಸಾರ ಇದ್ದಂಗ ಆತಲ್ರಿ" ಎಂದರು. ಹೋಳಿಗೆಗೆ ಬೇಳೆ ಬೇಯಿಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡುವ ಬುದ್ಧಿ ನಮ್ಮ ಹೆಣ್ಣುಮಕ್ಕಳದು ಮಾತ್ರ ಎಂದು ಅವರು ತಿಳಿದಿದ್ದರು. ಎರಡು ಬಟ್ಟಲು ಕುಡಿದರು.

ಮನೆಗೆ ಬಂದ ಮೇಲೆ ಮಗ ಆ ಕಪ್ಪು ರಸದ ಬಾಟಲಿಯೊಂದನ್ನು ಅಂಗಡಿಯಿಂದ ತಂದು, ಚೀಟಿಯ ಮೇಲಿನ ಸಣ್ಣ ಅಕ್ಷರ ಓದಿದ. ಓದುತ್ತ ಓದುತ್ತ ಸುಮ್ಮನಾದ. ಅದರಲ್ಲಿ ಮೀನಿನ ಕಟ್ಟು ಇತ್ತು. ಅಂಗಡಿಯ ರಸವೂ ಅದೇ ಜಾತಿಯದು. ಅವನು ತನ್ನ ಮನೆಯಲ್ಲಿ ಸೊಸೆಯ ಕೈಯ ಅಡುಗೆ ಉಣ್ಣುವವ. ಹೊರಗೆ ಸೋಬಾ ಎಂದರೆ ಹಿಟ್ಟಿನ ಶಾವಿಗೆ ತಾನೆ ಎಂದು ನಂಬಿಕೊಂಡಿದ್ದ. "ಅಪ್ಪಾ, ನಂದು ತಪ್ಪಾತು" ಎಂದ. ಮರುದಿನ ಸೋಮವಾರ. ಒಪ್ಪತ್ತು ಮಾಡುವ ನಮ್ಮ ಮನೆಯವರು ಅಂದು ಇಡೀ ದಿನ ನೀರಿನ ಮೇಲೆಯೇ ಇದ್ದರು.

ಆ ಮೀನಿನ ಕಟ್ಟಿನ ವಿಷಯವನ್ನು ಬಿಡಿಸಿ ಹೇಳಬೇಕು. ಜಪಾನಿನ ಅಡುಗೆಯ ಬೇರು ಅದು. ಅದನ್ನು "ದಾಶಿ" ಎನ್ನುತ್ತಾರೆ. ಬಂಗಡೆಯ ಬಳಗಕ್ಕೆ ಸೇರಿದ ದೊಡ್ಡ ಮೀನೊಂದನ್ನು ಬೇಯಿಸಿ, ಹೊಗೆ ಹಾಕಿ, ಕಟ್ಟಿಗೆಯ ತುಂಡಿನಂತೆ ಆಗುವವರೆಗೆ ಒಣಗಿಸುತ್ತಾರೆ. ಬಡಗಿ ಹತ್ತರಿ ಹೊಡೆದಂತೆ ಅದನ್ನು ತೆಳುವಾಗಿ ಹೆರೆದು, ಬಿಸಿ ನೀರಿಗೆ ಹಾಕಿ, ಸೋಸಿ ತೆಗೆದ ತಿಳಿಯೇ ದಾಶಿ. ಸೋಸಿದ ಮೇಲೆ ಮೀನು ಕಣ್ಣಿಗೆ ಕಾಣುವುದಿಲ್ಲ. ಮಿಸೊ ಸಾರಿನಲ್ಲಿ, ಪಲ್ಯದಲ್ಲಿ, ಶಾವಿಗೆಯ ರಸದಲ್ಲಿ ಹೆಚ್ಚಾಗಿ ಅದು ಇದ್ದೇ ಇರುತ್ತದೆ. ಜೊತೆಗೆ "ಮಿರಿನ್" ಎಂಬ ಅಕ್ಕಿಯ ಸಿಹಿ ಮದ್ಯವನ್ನೂ ಅಡುಗೆಗೆ ಹಾಕುವುದುಂಟು.

ಹಾಗಾದರೆ ಅಂಗಡಿಯವರು ನಮಗೆ ಮೋಸ ಮಾಡಿದರೆ? ಇಲ್ಲ. ನಾವು ಕೇಳಿದ್ದು "ಮಾಂಸ ಇದೆಯೇ?" ಎಂದು, ಅವರು ಇಲ್ಲ ಎಂದರು, ಅದು ನಿಜವೇ. ಬ್ಯಾಂಕಿನ ಅರ್ಜಿಯಲ್ಲಿ ಕೇಳದ ಕಲಮನ್ನು ಯಾರೂ ತುಂಬಿ ಕೊಡುವುದಿಲ್ಲ ಎಂಬುದು ಇಡೀ ನೌಕರಿ ಅದನ್ನೇ ಮಾಡಿದ ನನಗೆ ತಿಳಿಯದೆ ಹೋಯಿತಲ್ಲ ಎಂದು ನಗು ಬಂತು. ಮಾಂಸ ಬೇರೆ, ಮೀನು ಬೇರೆ ಎಂಬ ಈ ಭೇದಕ್ಕೆ ಅಲ್ಲಿ ಹಳೆಯ ಕಾರಣವಿದೆ. ಕ್ರಿ.ಶ. 675ರಲ್ಲಿ ತೆಮ್ಮು ಎಂಬ ಚಕ್ರವರ್ತಿ ಬೌದ್ಧ ಧರ್ಮದ ಪ್ರಭಾವದಿಂದ ದನ, ಕುದುರೆ, ನಾಯಿ, ಮಂಗ, ಕೋಳಿ ಈ ಐದರ ಮಾಂಸವನ್ನು ಬೇಸಾಯದ ತಿಂಗಳುಗಳಲ್ಲಿ ನಿಷೇಧಿಸಿದ. ಮುಂದೆ ಇಂಥ ಆಜ್ಞೆಗಳು ಮತ್ತೆ ಮತ್ತೆ ಬಂದವು. ಕಾಡುಪ್ರಾಣಿಯ ಬೇಟೆ ಅಲ್ಲಲ್ಲಿ ನಡೆದೇ ಇತ್ತಾದರೂ ಸಾಕಿದ ಪ್ರಾಣಿಯ ಮಾಂಸ ಬಹಳ ಶತಮಾನ ದೂರ ಉಳಿಯಿತು. 1872ರಲ್ಲಿ ಮೇಜಿ ಚಕ್ರವರ್ತಿ ದನದ ಮಾಂಸ ತಿಂದದ್ದನ್ನು ಪ್ರಕಟಿಸಿದ ಮೇಲೆ ಬಾಗಿಲು ತೆರೆಯಿತು. ಈ ನಿಷೇಧಗಳಲ್ಲಿ ಮೀನು ಮಾತ್ರ ಸಾಮಾನ್ಯವಾಗಿ ಸೇರಿರಲಿಲ್ಲ. ಸುತ್ತಲೂ ಸಮುದ್ರ ಇರುವ ನಾಡು, ಸೇರುವುದಾದರೂ ಹೇಗೆ?

ಆದ್ದರಿಂದ ಶ್ರೋತೃಗಳೆ, ಈ ಶಬ್ದಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಿಕು ಎಂದರೆ ಮಾಂಸ. ಸಕಾನಾ ಎಂದರೆ ಮೀನು. ತಮಾಗೊ ಎಂದರೆ ಮೊಟ್ಟೆ. ದಾಶಿ ಎಂದರೆ ಈಗ ಹೇಳಿದ ಕಟ್ಟು. ತಾಬೆಮಾಸೆನ್ ಎಂದರೆ ತಿನ್ನುವುದಿಲ್ಲ. ನಾಲ್ಕನ್ನೂ ಹೇಳಿ ಕೊನೆಗೆ ತಾಬೆಮಾಸೆನ್ ಎನ್ನಿ. ಆಮೇಲೆ ನಮಗೆ ಪೇಚು ಬರಲಿಲ್ಲ. ಅನ್ನದ ಉಂಡೆಗೆ "ಓನಿಗಿರಿ" ಎನ್ನುತ್ತಾರೆ. ಅದರೊಳಗೆ "ಉಮೆಬೋಶಿ" ಎಂಬ ಉಪ್ಪು ಹಾಕಿ ಒಣಗಿಸಿದ ಹುಳಿ ಹಣ್ಣು ಇರುವುದನ್ನು ಕೇಳಿ ತೆಗೆದುಕೊಂಡರೆ ದಾರಿಯ ಹಸಿವು ತೀರುತ್ತದೆ. ನಮ್ಮ ನಿಂಬಿಕಾಯಿ ಉಪ್ಪಿನಕಾಯಿ ಕಲಿಸಿದ ಬುತ್ತಿಯಂತೆಯೇ ಇರುತ್ತದೆ.

ಇನ್ನೊಂದು ಮಾತು ಇಲ್ಲಿಯೇ ಹೇಳಬೇಕು. ದಾಶಿಯನ್ನು ಮೀನಿಲ್ಲದೆಯೂ ಮಾಡುತ್ತಾರೆ. "ಕೊಂಬು" ಎಂಬ ಸಮುದ್ರದ ಪಾಚಿ ಇದೆ, ತೊಗಲಿನ ಪಟ್ಟಿಯಂತೆ ಒಣಗಿಸಿ ಮಾರುತ್ತಾರೆ. 1908ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕಿಕುನಾಯೆ ಇಕೆದಾ ಎಂಬವರು ಈ ಕೊಂಬು ಕಟ್ಟಿಗೆ ರುಚಿ ಎಲ್ಲಿಂದ ಬರುತ್ತದೆ ಎಂದು ಶೋಧಿಸಿ, ಗ್ಲುಟಾಮಿಕ್ ಆಮ್ಲವನ್ನು ಬೇರ್ಪಡಿಸಿದರು. ಸಿಹಿ, ಹುಳಿ, ಉಪ್ಪು, ಕಹಿ ಇವುಗಳಲ್ಲಿ ಸೇರದ ಆ ರುಚಿಗೆ "ಉಮಾಮಿ" ಎಂದು ಹೆಸರಿಟ್ಟರು. ಮರುವರ್ಷವೇ ಅದು ಪುಡಿಯಾಗಿ ಮಾರಾಟಕ್ಕೆ ಬಂತು. ಆ ಪುಡಿಯ ಹೆಸರು ಅಜಿನೊಮೊಟೊ. ಸಾಂಗ್ಲಿಯಲ್ಲಿ, ವಿಜಯಪುರದಲ್ಲಿ ಗೋಬಿ ಮಂಚೂರಿ ಗಾಡಿಯವರು ಚಿಟಿಕೆ ಹಾಕುತ್ತಾರಲ್ಲ, ಅದೇ. ಅದರ ತವರುಮನೆ ಸಾಧು ಸ್ವಭಾವದ ಒಂದು ಪಾಚಿ ಎಂದು ಯಾರು ಎಣಿಸಿದ್ದರು!

ಮರೆಯಲಾಗದ ಎರಡನೆಯ ಊಟ ಎಂದರೆ ಊಟವಲ್ಲ, ಒಂದು ಡಬ್ಬಿ ಸಿಹಿ. ಸೆಪ್ಟೆಂಬರಿನಲ್ಲಿ ಹಗಲು ರಾತ್ರಿ ಸಮವಾಗುವ ದಿನದ ಹಿಂದೆ ಮುಂದೆ ಮೂರು ಮೂರು ದಿನ ಸೇರಿ ಏಳು ದಿನ ಅಲ್ಲಿ "ಹಿಗಾನ್" ಆಚರಿಸುತ್ತಾರೆ. ಹಿರಿಯರ ಸಮಾಧಿ ತೊಳೆದು, ಹೂವು ಏರಿಸಿ, ಸಿಹಿ ಇಟ್ಟು ಕೈಮುಗಿಯುತ್ತಾರೆ. 2024ರಲ್ಲಿ ಅದು ಸೆಪ್ಟೆಂಬರ್ 19ರಿಂದ 25ರವರೆಗೆ ಇತ್ತು. ನಮ್ಮ ಪಿತೃಪಕ್ಷವೂ ಆಗಲೇ ನಡೆದಿತ್ತು. ನಮ್ಮ ಮನೆಯವರು ಅತ್ತೆ ಮಾವನವರ ನೆನಪಿಗೆ ಎಡೆ ಮಾಡಲು ಹೋಳಿಗೆಯ ಹೂರಣ ರುಬ್ಬುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮನೆಯ ಅಜ್ಜಿ, ಎಂಬತ್ತು ದಾಟಿದವರು, ಕೈಯಲ್ಲಿ ಡಬ್ಬಿ ಹಿಡಿದು ನಿಂತಿದ್ದರು.

ಡಬ್ಬಿಯಲ್ಲಿ ಇದ್ದುದು "ಓಹಾಗಿ". ಅಂಟು ಅಕ್ಕಿಯ ಅನ್ನವನ್ನು ಅರ್ಧ ಕುಟ್ಟಿ ಉಂಡೆ ಕಟ್ಟಿ, ಅದರ ಮೇಲೆ ಕೆಂಪು ಅವರೆಯ ಸಿಹಿ ಹೂರಣ ಮೆತ್ತಿದ್ದು. ನಮ್ಮ ಹೋಳಿಗೆಯಲ್ಲಿ ಹೂರಣ ಒಳಗೆ, ಅವರದರಲ್ಲಿ ಹೊರಗೆ. ಅಷ್ಟೇ ವ್ಯತ್ಯಾಸ. ಶರತ್ಕಾಲದಲ್ಲಿ ಅರಳುವ "ಹಾಗಿ" ಎಂಬ ಹೂವಿನಿಂದ ಆ ಹೆಸರು. ಇಡೀ ಜಗತ್ತಿನಲ್ಲಿ ಹಿರಿಯರ ಹೆಸರಿಗೆ ಬೇಳೆಯಲ್ಲಿ ಸಿಹಿ ಬೆರೆಸುವ ಮಂದಿ ನಾವಿಬ್ಬರೇ ಎಂದು ನಾನು ಹೇಳುವುದಿಲ್ಲ. ಆದರೆ ಆ ಸಂಜೆ ಹಾಗೆ ಅನಿಸಿತು.

ಡಬ್ಬಿಯನ್ನು ಖಾಲಿ ತಿರುಗಿ ಕೊಡಬಾರದೆಂಬುದು ನಮ್ಮ ರೂಢಿ. ಅವರಲ್ಲಿಯೂ ಪಡೆದುದಕ್ಕೆ ಪ್ರತಿಯಾಗಿ ಏನಾದರೂ ಕೊಡುವ ಪದ್ಧತಿ ಇದೆ. ನಾಲ್ಕು ಹೋಳಿಗೆ ಹಾಕಿ ಕೊಟ್ಟೆವು. ಆ ತಾಯಿ ಕುಳಿತು ಒಂದನ್ನು ಅಲ್ಲಿಯೇ ತಿಂದರು. ತಟ್ಟೆಗೆ ಉದುರಿದ ಚೂರನ್ನೂ ಬೆರಳಿನಿಂದ ಒತ್ತಿ ಬಾಯಿಗೆ ಹಾಕಿಕೊಂಡರು. "ಮೊತ್ತಾಯಿನಾಯ್" ಎಂದರು. ಹಾಳು ಮಾಡಬಾರದು, ಹಾಗೆ ಮಾಡಿದರೆ ಆ ವಸ್ತುವಿಗೆ ಅವಮಾನ ಎನ್ನುವ ಅರ್ಥದ ಮಾತದು. ಆಮೇಲೆ ಮಗನ ಮೂಲಕ ತಮ್ಮ ಬಾಲ್ಯದ ಕಥೆ ಹೇಳಿದರು. 1945ರಲ್ಲಿ ಯುದ್ಧ ಮುಗಿದಾಗ ಅವರು ಸಣ್ಣ ಹುಡುಗಿ. ಅಕ್ಕಿ ಸಿಗುತ್ತಿರಲಿಲ್ಲ, ಗೆಣಸು ತಿಂದು, ಗೆಣಸಿನ ಬಳ್ಳಿಯ ದಂಟನ್ನೂ ಬೇಯಿಸಿ ತಿಂದು ಬದುಕಿದರಂತೆ. ಈಗಲೂ ಗೆಣಸು ಕಂಡರೆ ಮುಖ ತಿರುಗಿಸುತ್ತಾರಂತೆ.

ನಾನು ನಮ್ಮ 1972ರ ಬರಗಾಲ ಹೇಳಿದೆ. ಈ ಭಾಗದ ಹಿರಿಯರಿಗೆ ಅದು ನೆನಪಿದೆ. ನಾವು ಹುಡುಗರು ದುಷ್ಕಾಳಿ ಕಾಮದ ಮೇಲೆ ತಾಯಿ ತಂದೆಯ ಜೊತೆ ಖಡಿ ಒಡೆಯುವಲ್ಲಿಗೆ ಹೋಗಿ ಸುಕಡಿಗಾಗಿ ಪಾಳಿ ಹಚ್ಚುತ್ತಿದ್ದೆವು. ಅಮೆರಿಕೆಯಿಂದ ಬಂದ "ಮಿಲೊ" ಎಂಬ ಕೆಂಪು ಜೋಳದ ರೊಟ್ಟಿ ತಿನ್ನುತ್ತಿದ್ದೆವು. ಅದು ಬಡಿದರೆ ಹರಿಯುತ್ತಿತ್ತು, ತಿಂದರೆ ಗಂಟಲಿಗೆ ಅಂಟುತ್ತಿತ್ತು. ಆದರೂ ಅದು ನಮ್ಮ ಜೀವ ಉಳಿಸಿತು. ಜೋಳ ಎಂದರೆ ಏನೆಂದು ಮಗ ವಿವರಿಸಿದಾಗ ಆ ತಾಯಿ ಕಣ್ಣರಳಿಸಿ "ತಾಕಾಕಿಬಿ!" ಎಂದರು. ಎತ್ತರದ ಕಿರುಧಾನ್ಯ ಎಂದು ಅರ್ಥ. ಅವರ ಗುಡ್ಡಗಾಡಿನಲ್ಲಿಯೂ ಹಿಂದೆ ಜೋಳ ಬೆಳೆಯುತ್ತಿದ್ದರು. ನವಣೆಗೆ ಅಲ್ಲಿ "ಆವಾ", ಬರಗಿಗೆ "ಕಿಬಿ", ಊದಲಿಗೆ "ಹಿಯೆ" ಎನ್ನುತ್ತಾರೆ. ಅಕ್ಕಿ ಇಲ್ಲದವರ ಈ ಕಾಳುಗಳನ್ನು ಈಗ ಆರೋಗ್ಯಕ್ಕೆ ಒಳ್ಳೆಯದೆಂದು ಸಣ್ಣ ಪೊಟ್ಟಣ ಕಟ್ಟಿ ದುಬಾರಿ ಬೆಲೆಗೆ ಮಾರುತ್ತಾರೆ. ನಮ್ಮಲ್ಲಿಯೂ ಅದೇ ನಡೆದಿದೆ, ನೋಡಿ.

ಮೂರನೆಯ ಊಟ ನವೆಂಬರ್ ಮೊದಲ ವಾರದಲ್ಲಿ, ಕೋಯಾಸಾನ್ ಗುಡ್ಡದ ಮೇಲೆ. ನಮ್ಮ ಮನೆಯವರಿಗೆ ನಿಶ್ಚಿಂತೆಯಿಂದ ಒಂದು ಜಪಾನಿ ಊಟ ಮಾಡಿಸಬೇಕೆಂದು ಮಗ ಹಟ ಹಿಡಿದಿದ್ದ. ಒಸಾಕಾ ಪಟ್ಟಣದಿಂದ ರೈಲು, ಕೊನೆಗೆ ಗುಡ್ಡ ಏರಲು ಹಗ್ಗದ ಮೇಲೆ ಎಳೆಯುವ ಬಂಡಿ. ಕೂಕಾಯ್ ಎಂಬ ಬೌದ್ಧ ಗುರು 816ರಲ್ಲಿ ಚಕ್ರವರ್ತಿಯಿಂದ ಪಡೆದ ಸ್ಥಳ ಅದು. ಈಗಲೂ ನೂರಕ್ಕೂ ಮೇಲ್ಪಟ್ಟು ಮಠಗಳಿವೆ. ಐವತ್ತರಷ್ಟು ಮಠಗಳಲ್ಲಿ ಯಾತ್ರಿಕರು ಹಣ ಕೊಟ್ಟು ವಸತಿ ಇರಬಹುದು. ಅಲ್ಲಿಯ ಊಟಕ್ಕೆ "ಶೋಜಿನ್ ರಿಯೋರಿ" ಎನ್ನುತ್ತಾರೆ, ಸಾಧನೆಯ ಅಡುಗೆ ಎಂದು ಅರ್ಥ ಮಾಡಬಹುದು. ಮೀನು, ಮಾಂಸ, ಮೊಟ್ಟೆ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ದಾಶಿಯನ್ನು ಕೊಂಬು ಪಾಚಿ ಮತ್ತು ಒಣಗಿಸಿದ ಅಣಬೆಯಿಂದ ತೆಗೆಯುತ್ತಾರೆ.

ಸಂಜೆ ಆರಕ್ಕೇ ಊಟ. ಚಾಪೆಯ ಮೇಲೆ ಕುಳಿತೆವು. ಒಬ್ಬೊಬ್ಬರ ಮುಂದೆ ಕಾಲುಳ್ಳ ಸಣ್ಣ ಮಣೆ, ಅದರ ಮೇಲೆ ಕೆಂಪು ಬಣ್ಣದ ಬಟ್ಟಲುಗಳು. ಎಳ್ಳನ್ನು ನುಣ್ಣಗೆ ಅರೆದು, ಒಂದು ಬಳ್ಳಿಯ ಗಡ್ಡೆಯ ಹಿಟ್ಟಿನೊಡನೆ ನೀರಿನಲ್ಲಿ ತಿರುವುತ್ತ ಕಾಸಿ ಹೆಪ್ಪುಗಟ್ಟಿಸಿದ "ಗೋಮಾದೋಫು". ಸೋಯಾ ಗಿಣ್ಣವನ್ನು ಹಿಮದಲ್ಲಿ ಹೆಪ್ಪುಗಟ್ಟಿಸಿ ಒಣಗಿಸಿದ "ಕೋಯಾದೋಫು", ಈ ಗುಡ್ಡದ ಹೆಸರೇ ಅದಕ್ಕಿದೆ. ಕುಂಬಳ, ಬದನೆ, ಗೆಣಸಿನ ಭಜಿ. ಅನ್ನ, ಸಾರು, ಮೂಲಂಗಿಯ ಉಪ್ಪಿನಕಾಯಿ. ನಮ್ಮ ಮನೆಯವರು ಪ್ರತಿ ಬಟ್ಟಲನ್ನೂ ಬರಿದು ಮಾಡಿದರು. ಎಳ್ಳಿನ ಆ ಗಟ್ಟಿಯನ್ನು ಬಾಯಲ್ಲಿ ಇಟ್ಟು ಕಣ್ಣು ಮುಚ್ಚಿ, "ಎಳ್ಳಮಾಸಿ ನೆನಪಾತು" ಎಂದರು. ಹೊಲದಲ್ಲಿ ಚರಗ ಚೆಲ್ಲಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಿನ್ನುವ ದಿನ ಅದು.

ಒಣಗಿಸುವುದರಲ್ಲಿ ಒಂದು ಗುಟ್ಟು ಇದೆ ಎಂದು ಅಲ್ಲಿ ನನಗೆ ಹೊಳೆಯಿತು. ಪಾಚಿ, ಅಣಬೆ, ಸೋಯಾ ಗಿಣ್ಣ, ಮೂಲಂಗಿ, ಎಲ್ಲವನ್ನೂ ಒಣಗಿಸುತ್ತಾರೆ. ಒಣಗಿದರೆ ಕೆಡುವುದಿಲ್ಲ, ಅದು ಒಂದು ಲಾಭ. ನೀರು ಹೋಗಿ ರುಚಿ ಉಳಿಯುತ್ತದೆ, ಅದು ಎರಡನೆಯದು. ಅಣಬೆಯಲ್ಲಂತೂ ಒಣಗಿಸಿ ಮತ್ತೆ ನೆನೆಸುವಾಗಲೇ ಉಮಾಮಿಯ ಒಂದು ಅಂಶ ಹುಟ್ಟುತ್ತದೆ. ಅದು ಕೊಂಬುವಿನ ಅಂಶದೊಡನೆ ಕೂಡಿದಾಗ ರುಚಿ ಹಲವು ಪಟ್ಟು ಹೆಚ್ಚುತ್ತದೆ ಎಂದು 1950ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಚವಳಿಕಾಯಿ ಒಣಗಿಸುವ, ಬಾಳಕದ ಮೆಣಸಿನಕಾಯಿ ಮಾಡುವ, ದ್ರಾಕ್ಷಿಯನ್ನು ಬೇದಾಣೆ ಮಾಡುವ ನಮ್ಮ ಮಂದಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಗುಡ್ಡಾಪುರದ ದಾನಮ್ಮದೇವಿಯ ದಾಸೋಹದಲ್ಲಿ ಪಂಕ್ತಿಗೆ ಕುಳಿತವರು ಯಾರೂ ಇದರಲ್ಲಿ ಏನಿದೆ ಎಂದು ಕೇಳುವುದಿಲ್ಲ. ಅದು ಪ್ರಸಾದ, ಕೇಳುವ ಅಗತ್ಯವಿಲ್ಲ. ಎರಡು ತಿಂಗಳು ಪ್ರತಿ ತುತ್ತಿಗೂ ಕೇಳಿ ಕೇಳಿ ದಣಿದವರಿಗೆ, ಕೇಳದೆ ಉಣ್ಣುವುದು ಎಂಥ ಸುಖ ಎಂದು ಕೋಯಾಸಾನಿನಲ್ಲಿ ತಿಳಿಯಿತು. ನಮ್ಮ ಮನೆಯವರ ಮೊದಲ ಚಿಂತೆ ಅಂದು ತೀರಿತು.

ಉಳಿದದ್ದು ಎರಡನೆಯ ಚಿಂತೆ, ಮೊಮ್ಮಗನದು.

ಜಪಾನಿನ ಶಾಲೆಗಳ ಮಧ್ಯಾಹ್ನದ ಊಟಕ್ಕೆ "ಕ್ಯೂಶೊಕು" ಎನ್ನುತ್ತಾರೆ. 1889ರಲ್ಲಿ ಯಾಮಾಗಾತಾ ಪ್ರಾಂತದ ತ್ಸುರುವೊಕಾ ಊರಿನಲ್ಲಿ, ಬೌದ್ಧ ಮಠದೊಳಗೆ ನಡೆಯುತ್ತಿದ್ದ ಶಾಲೆಯೊಂದು ಬುತ್ತಿ ತರಲಾರದ ಬಡ ಮಕ್ಕಳಿಗೆ ಅನ್ನದ ಉಂಡೆ ಕೊಟ್ಟದ್ದು ಅದರ ಆರಂಭ ಎನ್ನುತ್ತಾರೆ. 1954ರಲ್ಲಿ ಅದಕ್ಕೆ ಕಾನೂನೇ ಆಯಿತು. ಮಕ್ಕಳೇ ಬಿಳಿ ಟೊಪ್ಪಿಗೆ ಹಾಕಿಕೊಂಡು ಬಡಿಸುತ್ತಾರೆ, ಉಂಡ ಮೇಲೆ ಮಕ್ಕಳೇ ಒರೆಸುತ್ತಾರೆ. ಎಲ್ಲರಿಗೂ ಒಂದೇ ಊಟ. ಇದು ಬಹಳ ಒಳ್ಳೆಯದು. ಆದರೆ ಆ ಒಂದೇ ಊಟದಲ್ಲಿ ಮೀನೋ ಮಾಂಸವೋ ಇರುವುದರಿಂದ ನಮ್ಮ ಮೊಮ್ಮಗ ಮನೆಯಿಂದ ಬುತ್ತಿ ಒಯ್ಯುತ್ತಾನೆ. ಬುತ್ತಿಗೆ ಅಲ್ಲಿ "ಬೆಂತೊ" ಎನ್ನುತ್ತಾರೆ. ಮೂವತ್ತು ಮಕ್ಕಳಲ್ಲಿ ಇವನೊಬ್ಬನದೇ ಬೇರೆ ಡಬ್ಬಿ. ಆದ್ದರಿಂದ ಡಬ್ಬಿಯೊಳಗೆ ಇರುವುದಾದರೂ ಉಳಿದವರಂತೆ ಕಾಣಬೇಕು ಎಂದು ಅವನ ಹಟ. ಒಂದು ದಿನ ಅಜ್ಜಿ ಮೆತ್ತಗಿನ ರೊಟ್ಟಿ, ಬದನೆಕಾಯಿ ಪಲ್ಯ ಹಾಕಿ ಕಳಿಸಿದರು. ಹೋದಂತೆಯೇ ತಿರುಗಿ ಬಂತು.

"ಯಾಕಪ್ಪಾ?" ಎಂದರೆ, "ಎಲ್ಲಾರೂ ನೋಡ್ತಾರ" ಎಂದ.

ನನಗೆ ಸಿಟ್ಟು ಬರಲಿಲ್ಲ. ಜತ್ತದ ಶಾಲೆಯಲ್ಲಿ ಕನ್ನಡದ ಹುಡುಗನಾಗಿ ಮರಾಠಿ ವರ್ಗದಲ್ಲಿ ಕುಳಿತಾಗ ನಾನೂ ಮನೆಯ ಮಾತು ಬಾಯಿಗೆ ಬರದಂತೆ ನುಂಗಿದವನೇ. ಯಾರೂ ಬೈದಿರಲಿಲ್ಲ. ಸುಮ್ಮನೆ ನೋಡುತ್ತಿದ್ದರು. ಆ ನೋಟ ಸಾಕಾಗುತ್ತದೆ. ನಿಮ್ಮಲ್ಲಿ ಬಹಳ ಜನರಿಗೆ ಇದು ಗೊತ್ತು.

ಮಗ ಒಂದು ಸಂಜೆ ಶಿಂಜುಕು ಎಂಬ ಪೇಟೆಯಲ್ಲಿ ನಾಕಾಮುರಾಯಾ ಎಂಬ ಹಳೆಯ ಅಂಗಡಿ ತೋರಿಸಿದ. ನಮ್ಮ ದೇಶದ ಕ್ರಾಂತಿಕಾರಿ ರಾಸಬಿಹಾರಿ ಬೋಸರು 1915ರಲ್ಲಿ ಬ್ರಿಟಿಷರಿಂದ ತಪ್ಪಿಸಿಕೊಂಡು ಜಪಾನಿಗೆ ಹೋದಾಗ ಅವರನ್ನು ಅಡಗಿಸಿಟ್ಟ ಮನೆತನ ಅದು. ಮುಂದೆ ಅವರು ಆ ಮನೆಯ ಮಗಳನ್ನೇ ಮದುವೆಯಾದರು. 1927ರಲ್ಲಿ ಆ ಅಂಗಡಿಯಲ್ಲಿ ಭಾರತದ ಪದ್ಧತಿಯ ಕರಿ ಮತ್ತು ಅನ್ನ ಬಡಿಸುವುದು ಶುರುವಾಯಿತು. ಈಗಲೂ ಅದು ಹೆಸರುವಾಸಿ. ಅದು ಕೋಳಿಯದಾದ್ದರಿಂದ ನಾವು ಹೊರಗಿನಿಂದಲೇ ನೋಡಿ ಬಂದೆವು. ತಲೆ ಮರೆಸಿಕೊಂಡು ಹೋದವನ ಮನೆಯ ಅಡುಗೆ ಹೋದ ಊರಿನ ಅಡುಗೆಯಾಗಲು ಹನ್ನೆರಡು ವರ್ಷ ಹಿಡಿಯಿತು. ಎಂಟು ವರ್ಷದ ಹುಡುಗನಿಗೆ ಅವಸರ ಮಾಡುವುದು ಬೇಡ ಎಂದು ನಾನು ನಮ್ಮ ಮನೆಯವರಿಗೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು, ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ನಾವು ಹೊರಡಲು ಎಂಟು ದಿನ ಇದ್ದಾಗ ಮೊಮ್ಮಗನ ಗೆಳೆಯನೊಬ್ಬ ಆಟಕ್ಕೆ ಬಂದ. ಹಸಿದ ಹುಡುಗರು. ಮೇಜಿನ ಮೇಲೆ ನಾನು ನನ್ನ ಸಲುವಾಗಿ ಮುರಿದಿಟ್ಟುಕೊಂಡಿದ್ದ ಖಡಕ್ ರೊಟ್ಟಿ ಇತ್ತು. ಆ ಹುಡುಗ ಕೇಳದೆಯೇ ಒಂದು ಚೂರು ಬಾಯಿಗೆ ಹಾಕಿಕೊಂಡ. ಕಟುಂ ಕಟುಂ ಸದ್ದು. "ಸೆಂಬೇ!" ಎಂದ. ಅಕ್ಕಿಯಿಂದ ಮಾಡಿ ಸುಟ್ಟ ಬಿಲ್ಲೆಗೆ ಅಲ್ಲಿ ಸೆಂಬೇ ಎನ್ನುತ್ತಾರೆ. ಆಮೇಲೆ "ಪಾರಿಪಾರಿ" ಎಂದ. ಶ್ರೋತೃಗಳೆ, ನಾವು ಗರಿಗರಿ ಎನ್ನುವುದಿಲ್ಲವೇ, ಅವರು ಪಾರಿಪಾರಿ ಎನ್ನುತ್ತಾರೆ. ಶೇಂಗಾ ಚಟ್ನಿ ಹಚ್ಚಿ ಮತ್ತೊಂದು ಕೊಟ್ಟೆ. ಮೂಗಿನಿಂದ ನೀರು ಸುರಿಸುತ್ತ ನಕ್ಕ, ಮತ್ತೆ ಕೈ ಚಾಚಿದ. ನಮ್ಮ ಮೊಮ್ಮಗ ಅವನ ಮುಖವನ್ನೇ ನೋಡುತ್ತಿದ್ದ. ಆಮೇಲೆ ತಾನೂ ಒಂದು ಚೂರು ತೆಗೆದುಕೊಂಡ. "ಇದು ನಮ್ಮ ಆಯಿ ಮಾಡಿದ್ದು" ಎಂದು ಜಪಾನಿಯಲ್ಲಿ ಹೇಳಿದ್ದನ್ನು ಸೊಸೆ ಆಮೇಲೆ ನಮಗೆ ಕನ್ನಡದಲ್ಲಿ ತಿಳಿಸಿದಳು. ಆಗ ಪೆಟ್ಟಿಗೆಯಲ್ಲಿ ಉಳಿದದ್ದು ಹನ್ನೊಂದು ರೊಟ್ಟಿ. ಸಂಜೆಗೆ ನಾಲ್ಕು ಉಳಿದವು.

ಅವನ ಶಾಲೆಯ ಬುತ್ತಿಗೆ ರೊಟ್ಟಿ ನಾವು ಇರುವವರೆಗೂ ಹೋಗಲಿಲ್ಲ. ಅದನ್ನು ಇದ್ದಂತೆಯೇ ಹೇಳುತ್ತೇನೆ. ಆದರೆ ಸಂಜೆ ಶಾಲೆಯಿಂದ ಬಂದವನು ಕೈಕಾಲು ತೊಳೆದು, "ಆಯಿ, ಪಾರಿಪಾರಿ ಕೊಡು" ಎನ್ನತೊಡಗಿದ. ಒಂದು ವಾಕ್ಯದಲ್ಲಿ ಎರಡು ಭಾಷೆ. ನಮ್ಮ ಗಡಿಯ ಮಕ್ಕಳು ಆಡುವ ಮಾತೂ ಹೀಗೆಯೇ ಅಲ್ಲವೇ? ಶಾಲೆಯ ಮಾತು ಶಾಲೆಗೆ, ಶಾಲೆಯ ಅನ್ನ ಶಾಲೆಗೆ ಇರಲಿ. ಅದನ್ನು ಕಲಿಯದೆ ಅಲ್ಲಿ ಬದುಕು ಸಾಗದು. ಆದರೆ ಸಂಜೆ ಮನೆಗೆ ಬಂದಾಗ ಕೇಳುವುದಕ್ಕೆ ಒಂದು ಮಾತು, ತಿನ್ನುವುದಕ್ಕೆ ಒಂದು ರೊಟ್ಟಿ ಮನೆಯಲ್ಲಿ ಇರಬೇಕು. ಮಾಡಿ ಇಡುವ ಕೆಲಸ ನಮ್ಮದು. ಕೈ ಚಾಚುವ ಗಳಿಗೆ ಅವರದು.

ಬರುವಾಗ ಪಕ್ಕದ ಮನೆಯ ಆ ತಾಯಿ ಒಂದು ಕಟ್ಟು ಕೊಂಬು ಕೊಟ್ಟರು. ನಮ್ಮ ಮನೆಯವರು ಅದರ ಒಂದು ತುಂಡನ್ನು ನೆನೆಸಿ, ಆ ನೀರಿನಲ್ಲಿ ತೊಗರಿಬೇಳೆ ಸಾರು ಮಾಡಿದರು. ಉಣ್ಣಲು ಬಂದ ನೆಂಟರು, "ಸಾರು ಭಾಳ ಛಲೋ ಆಗೇತಿ, ಏನ್ ಹಾಕೀರಿ ಇದಕ್ಕ?" ಎಂದರು. ಕೇಳಿದರು ಎಂದು ಇವರು ಇದ್ದುದನ್ನು ಇದ್ದಂತೆ ಹೇಳಿದರು. ಪಾಚಿ ಎಂದ ಕೂಡಲೇ ಒಬ್ಬರು ಕೈ ತಡೆದರು, ಉಳಿದವರು ಇನ್ನೊಂದು ಸೌಟು ಹಾಕಿಸಿಕೊಂಡರು.

ಈಗ ನಮ್ಮ ಮನೆಯಲ್ಲಿ ಮತ್ತೆ ಒಲೆ ಹೊತ್ತಿದೆ. ಪರಿಚಯದವರ ಮಗ ಮುಂದಿನ ವಾರ ಟೋಕಿಯೊಗೆ ಹೊರಟಿದ್ದಾನೆ. ಅವನ ಪೆಟ್ಟಿಗೆಯಲ್ಲಿ ಐವತ್ತು ರೊಟ್ಟಿ ಹಿಡಿಯುತ್ತವೆ ಎಂದು ಹೇಳಿದ್ದಾನೆ. ಹಿಡಿಯುತ್ತವೆಯೋ ಇಲ್ಲವೋ, ನಮ್ಮ ಮನೆಯವರು ಅರವತ್ತು ಬಡಿಯುತ್ತಿದ್ದಾರೆ.